ಕೊನೆಯ ಎರಡು ಮೈಲಿ: ಮಾಜಿ ಸೈನಿಕರ ಬೈಕ್ ಕ್ಲಬ್ಬೊಂದರ ಅಂತಿಮ ಗೌರವ ಸವಾರಿ

ಅಮೆರಿಕದ ಮಧ್ಯಪಶ್ಚಿಮ ಭಾಗದ ಒಂದು ರಾಜ್ಯದ ಪ್ರಕರಣ ಇದು. ಕ್ಲಬ್ಬಿನ ಹೆಸರು, ಊರು, ವರ್ಷ, ವ್ಯಕ್ತಿಗಳ ಗುರುತು ಯಾವುದನ್ನೂ ಇಲ್ಲಿ ಹೇಳಿಲ್ಲ. ದೂರ, ವೇಳೆ, ಬೈಕುಗಳ ಲೆಕ್ಕ ಮಾತ್ರ ಉಳಿಸಿಕೊಂಡಿದೆ. ಇಂಥ ಸವಾರಿ ಏರ್ಪಡಿಸುವವರಿಗೆ ಬೇಕಾದದ್ದು ಆ ಲೆಕ್ಕವೇ.

ಹಿನ್ನೆಲೆ

ಕ್ಲಬ್ಬಿನಲ್ಲಿ 34 ಸದಸ್ಯರು. ಅರ್ಧದಷ್ಟು ಮಂದಿ ವಿಯೆಟ್ನಾಂ ಯುದ್ಧದ ಕಾಲದವರು, ಉಳಿದವರು ಇರಾಕ್ ಮತ್ತು ಅಫ್ಘಾನಿಸ್ತಾನ ಕಂಡವರು. ಅಮೆರಿಕದಲ್ಲಿ ಮಾಜಿ ಸೈನಿಕರಿಗೂ ಬೈಕಿಗೂ ಇರುವ ನಂಟು ಹಳೆಯದು. ಯುದ್ಧಕೈದಿಗಳನ್ನೂ ಕಾಣೆಯಾದವರನ್ನೂ ಮರೆಯಬೇಡಿ ಎನ್ನುತ್ತ 1988ರಲ್ಲಿ ವಾಷಿಂಗ್ಟನ್ನಿನಲ್ಲಿ ರೋಲಿಂಗ್ ಥಂಡರ್ ಸವಾರಿ ಶುರುವಾಯಿತು. ಮರುವರ್ಷ ಕ್ಯಾಲಿಫೋರ್ನಿಯಾದಿಂದ ವಾಷಿಂಗ್ಟನ್ನಿನ ವಿಯೆಟ್ನಾಂ ಸ್ಮಾರಕದ ಗೋಡೆಯವರೆಗೆ ರನ್ ಫಾರ್ ದ ವಾಲ್ ಹೊರಟಿತು. ಸೈನಿಕರ ಅಂತ್ಯಕ್ರಿಯೆಗಳಲ್ಲಿ ಬಾವುಟ ಹಿಡಿದು ಸಾಲಾಗಿ ನಿಲ್ಲುವ ಪೇಟ್ರಿಯಟ್ ಗಾರ್ಡ್ ರೈಡರ್ಸ್ ಹುಟ್ಟಿದ್ದು 2005ರಲ್ಲಿ. ಕುಟುಂಬ ಕರೆಯದೆ ಹೋಗಬಾರದು ಎಂಬುದು ಆ ಸಂಘಟನೆಯ ಮೊದಲ ನಿಯಮ. ಈ ಪ್ರಕರಣ ಓದುವಾಗ ಆ ನಿಯಮ ನೆನಪಿನಲ್ಲಿರಲಿ.

ತೀರಿಕೊಂಡವರು ಕ್ಲಬ್ಬು ಕಟ್ಟಿದವರಲ್ಲಿ ಒಬ್ಬರು, ಭೂಸೇನೆಯಲ್ಲಿದ್ದು ವಿಯೆಟ್ನಾಂ ಯುದ್ಧ ಮುಗಿಸಿ ಬಂದವರು. ಕಾಯಿಲೆ ಬಿದ್ದ ಮೇಲೆ ಏಳು ತಿಂಗಳು ಬೈಕು ಹತ್ತಿರಲಿಲ್ಲ. ಜುಲೈ ತಿಂಗಳ ಒಂದು ಭಾನುವಾರ ರಾತ್ರಿ ಹೋದರು. ಮಂಗಳವಾರದ ಹೊತ್ತಿಗೆ ಸೈನಿಕರ ರಾಷ್ಟ್ರೀಯ ಸ್ಮಶಾನದಲ್ಲಿ ಶುಕ್ರವಾರ ಮಧ್ಯಾಹ್ನ 1 ಗಂಟೆಗೆ ಸಮಯ ಗೊತ್ತಾಯಿತು. ಊರಿನಿಂದ ಸ್ಮಶಾನಕ್ಕೆ 68 ಮೈಲಿ, ಅಂದರೆ ಸುಮಾರು 109 ಕಿ.ಮೀ.

ಸೋಮವಾರವೇ ಸಮಯ ಸಿಗಬೇಕಿತ್ತು. ಒಂದು ದಿನ ತಡವಾದದ್ದು ಕಾಗದದಿಂದ. ರಾಷ್ಟ್ರೀಯ ಸ್ಮಶಾನದಲ್ಲಿ ಜಾಗ ಸಿಗಬೇಕಾದರೆ ಸೇವೆಯಿಂದ ಬಿಡುಗಡೆಯಾದ ದಾಖಲೆ ಬೇಕು. ಎಲ್ಲರೂ ಅದನ್ನು ಕರೆಯುವುದು ಡಿಡಿ-214 ಎಂದೇ. ಅದು ಮನೆಯಲ್ಲಿ ಎಲ್ಲಿದೆಯೆಂದು ಪತ್ನಿಗಾಗಲಿ ಮಗಳಿಗಾಗಲಿ ಗೊತ್ತಿರಲಿಲ್ಲ. ಅಂತ್ಯಕ್ರಿಯೆ ನಡೆಸಿಕೊಡುವ ಸಂಸ್ಥೆಯವರು ಸೇಂಟ್ ಲೂಯಿಸ್‌ನಲ್ಲಿರುವ ಕಚೇರಿಗಳಿಗೆ ಬರೆದು ದಾಖಲೆ ತರಿಸಿಕೊಂಡರು. ಮನೆಯವರು ಅಳುವುದನ್ನು ಬಿಟ್ಟು ಒಂದಿಡೀ ದಿನ ಕಪಾಟುಗಳನ್ನು ತಡಕಾಡಬೇಕಾಯಿತು.

ಸಮಸ್ಯೆ

ರಾಷ್ಟ್ರೀಯ ಸ್ಮಶಾನದಲ್ಲಿ ಪ್ರಾರ್ಥನೆ, ಗೌರವ ಎಲ್ಲವೂ ನಡೆಯುವುದು ಗುಂಡಿಯ ಪಕ್ಕದಲ್ಲಲ್ಲ, ಅದಕ್ಕೆಂದೇ ಕಟ್ಟಿದ ಒಂದು ಚಾವಣಿಯ ಕೆಳಗೆ. ಒಂದು ಕುಟುಂಬಕ್ಕೆ ಸಿಗುವುದು 20 ನಿಮಿಷದಷ್ಟು ಹೊತ್ತು, ಹಿಂದೆಯೇ ಇನ್ನೊಂದು ಕುಟುಂಬ ಕಾಯುತ್ತಿರುತ್ತದೆ. ತಡವಾಗಿ ಹೋದರೆ ಗೌರವ ತುಕಡಿ ಕಾಯುತ್ತದೆಂಬ ಭರವಸೆಯಿಲ್ಲ. 2000ನೇ ಇಸವಿಯಿಂದ ಜಾರಿಯಲ್ಲಿರುವ ಕಾನೂನಿನಂತೆ ಅರ್ಹ ಮಾಜಿ ಸೈನಿಕನ ಕುಟುಂಬ ಕೇಳಿದರೆ ಕನಿಷ್ಠ ಇಬ್ಬರು ಸಮವಸ್ತ್ರದ ಸೈನಿಕರು ಬರಲೇಬೇಕು. ಅವರಲ್ಲಿ ಒಬ್ಬರು ಮೃತರು ದುಡಿದ ಪಡೆಯವರೇ ಆಗಿರಬೇಕು. ಬಾವುಟ ಮಡಚಿ ಮನೆಯವರ ಕೈಗೆ ಕೊಡುವುದು, ಟ್ಯಾಪ್ಸ್ ಎಂಬ ವಿದಾಯದ ಬ್ಯೂಗಲ್ ರಾಗ ನುಡಿಸುವುದು ಅವರ ಕೆಲಸ.

ಕ್ಲಬ್ಬಿನ ಆಸೆ ದೊಡ್ಡದಿತ್ತು. ಸದಸ್ಯರ 31 ಬೈಕು, ಅಕ್ಕಪಕ್ಕದ ಕ್ಲಬ್ಬುಗಳ 10 ಬೈಕು, ಒಟ್ಟು 41. ಶವವಾಹನದ ಹಿಂದೆ ಒಂದೇ ಸಾಲು, 68 ಮೈಲಿಯೂ ‘ಮಿಸ್ಸಿಂಗ್ ಮ್ಯಾನ್’ ವ್ಯೂಹ, ಪ್ರತಿ ಮೂರನೆಯ ಬೈಕಿನಲ್ಲಿ ಬಾವುಟ. ಯುದ್ಧವಿಮಾನಗಳ ಹಾರಾಟದಿಂದ ಬಂದ ಪದ್ಧತಿ ಈ ಮಿಸ್ಸಿಂಗ್ ಮ್ಯಾನ್. ಮುಂದಿನ ಸಾಲಿನಲ್ಲಿ ಒಬ್ಬ ಸವಾರನ ಜಾಗವನ್ನು ಖಾಲಿ ಬಿಟ್ಟು ಸಾಗುವುದು. ನೋಡಿದವರ ಗಂಟಲು ಕಟ್ಟುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಡುವುದು ಸುಲಭವಲ್ಲ. ಮುಂದೆ ಜಾಗ ಖಾಲಿ ಕಂಡರೆ ಅದನ್ನು ತುಂಬುವುದು ಹಿಂದಿನ ಸವಾರನ ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ಐದು ನಿಮಿಷ ಎಚ್ಚರವಾಗಿದ್ದವನೂ ಅರ್ಧ ಗಂಟೆಯ ಮೇಲೆ ತನಗೇ ತಿಳಿಯದೆ ಮುಂದೆ ಸರಿದಿರುತ್ತಾನೆ.

ಬುಧವಾರದ ಪ್ರಯೋಗ

ಈ ಪ್ರಕರಣದ ದಿಕ್ಕು ತಿರುಗಿದ್ದು ಬುಧವಾರ. ದಾರಿಯ ಹೊಣೆ ಹೊತ್ತ ರೋಡ್ ಕ್ಯಾಪ್ಟನ್ ಇನ್ನಿಬ್ಬರನ್ನು ಕರೆದುಕೊಂಡು ಪೂರ್ತಿ ದಾರಿಯನ್ನು ಅದೇ ಹೊತ್ತಿಗೆ, ಅದೇ ಬಿಸಿಲಿಗೆ ಓಡಿಸಿ ನೋಡಿದರು. ಶವವಾಹನದ ಚಾಲಕ ಹೇಳಿದ್ದಂತೆ ಊರೊಳಗೆ ಗಂಟೆಗೆ 20 ಮೈಲಿ ವೇಗ ಇಟ್ಟರು. ಮೂರು ಸಂಗತಿ ಗೊತ್ತಾದವು.

ಮೊದಲನೆಯದು ಸಾಲಿನ ಉದ್ದ. ಊರು ದಾಟುವ ಮೊದಲ 6 ಮೈಲಿಯಲ್ಲಿ 17 ಸಿಗ್ನಲ್. ಗುಂಪು ಸವಾರಿಯಲ್ಲಿ ಮುಂದಿನವನು ಲೇನಿನ ಎಡಭಾಗದಲ್ಲಿ, ಅವನ ಹಿಂದಿನವನು ಬಲಭಾಗದಲ್ಲಿ ಕನಿಷ್ಠ ಒಂದು ಸೆಕೆಂಡು ಅಂತರದಲ್ಲಿ, ತನ್ನ ನೇರ ಮುಂದಿರುವವನಿಂದ ಎರಡು ಸೆಕೆಂಡು ಬಿಟ್ಟು ಸಾಗಬೇಕು. ಈ ಲೆಕ್ಕದಲ್ಲಿ 41 ಬೈಕು ಒಂದು ಗೆರೆ ದಾಟಲು, ಯಾರೂ ತಡವರಿಸದಿದ್ದರೂ, 40 ಸೆಕೆಂಡು ಬೇಕು. ನಿಂತಲ್ಲಿಂದ ಹೊರಡುವಾಗ ಇನ್ನೂ ಹೆಚ್ಚು. ಹಸಿರು ದೀಪ ಅಷ್ಟು ಹೊತ್ತು ಇರುವುದಿಲ್ಲ, ಸಾಲು ಮೊದಲ ಸಿಗ್ನಲ್ಲಿನಲ್ಲೇ ತುಂಡಾಗುತ್ತದೆ. ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿ ವೇಗದಲ್ಲಿ ಒಂದು ಸೆಕೆಂಡಿಗೆ 24 ಮೀಟರಿಗೂ ಹೆಚ್ಚು ದೂರ ಸಾಗುವುದರಿಂದ ಅದೇ ಸಾಲು ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಆಗುತ್ತದೆ. ತನ್ನ ತಿರುವಿಗೆ ಇಳಿಯಬೇಕಾದ ಲಾರಿಯವನು ಅಂಥ ಸಾಲಿನ ಮಧ್ಯೆ ನುಗ್ಗದೆ ಏನು ಮಾಡಿಯಾನು?

ಸಿಗ್ನಲ್ಲಿನಲ್ಲಿ ಇಬ್ಬರು ಸವಾರರು ಮುಂದೆ ಹೋಗಿ ಅಡ್ಡರಸ್ತೆಯ ವಾಹನಗಳನ್ನು ತಡೆದರಾಯಿತು ಎಂದು ಹಿರಿಯರೊಬ್ಬರು ಹೇಳಿದರು. ಹಳೆಯ ಅಭ್ಯಾಸ ಅದು. ರೋಡ್ ಕ್ಯಾಪ್ಟನ್ ಖಡಾಖಂಡಿತವಾಗಿ ಬೇಡವೆಂದರು. ಶವಯಾತ್ರೆಗೆ ದಾರಿ ಬಿಡುವ ಕಾನೂನು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆದರೆ ಅಧಿಕಾರವಿಲ್ಲದೆ ಸಾಮಾನ್ಯ ಸವಾರ ಚೌಕದಲ್ಲಿ ಬೈಕು ಅಡ್ಡ ನಿಲ್ಲಿಸಿದರೆ ಕಾನೂನೂ ಅವನ ಕಡೆಗಿರುವುದಿಲ್ಲ, ಬರುವ ಕಾರಿನ ಬ್ರೇಕೂ ಅವನ ಕೈಯಲ್ಲಿರುವುದಿಲ್ಲ.

ಎರಡನೆಯದು ಬಿಸಿ. ಆ ದಿನ 34 ಡಿಗ್ರಿ ಸೆಲ್ಸಿಯಸ್. ಗಾಳಿಯಿಂದ ತಣಿಯುವ ದೊಡ್ಡ ವಿ-ಟ್ವಿನ್ (ಒಂದರ ಹಿಂದೊಂದು ಎರಡು ಸಿಲಿಂಡರಿನ) ಎಂಜಿನ್ನಿಗೆ ಓಟವೇ ತಂಪು. ಸಿಗ್ನಲ್ಲಿಂದ ಸಿಗ್ನಲ್ಲಿಗೆ ತೆವಳುವಾಗ ಹಿಂದಿನ ಸಿಲಿಂಡರಿಗೆ ಗಾಳಿ ಮುಟ್ಟುವುದೇ ಇಲ್ಲ. ಗಂಟೆಗೆ 20 ಮೈಲಿಗಿಂತ ಕೆಳಗಿಳಿದಾಗ ಸವಾರ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಅರ್ಧ ಹಿಡಿದೇ ಹೋಗುತ್ತಾನೆ, ಪ್ಲೇಟುಗಳು ಕಾದು ಹಿಗ್ಗುತ್ತವೆ. ಆಮೇಲೆ ಲಿವರ್ ಪೂರ್ತಿ ಒತ್ತಿದರೂ ಬೈಕು ಮುಂದೆ ಜಗ್ಗುತ್ತದೆ, ನ್ಯೂಟ್ರಲ್ ಸಿಗುವುದಿಲ್ಲ. ಮೂವರಲ್ಲಿ ಒಬ್ಬರಿಗೆ ಹನ್ನೊಂದನೆಯ ಸಿಗ್ನಲ್ಲಿನಲ್ಲಿ ಆದದ್ದು ಇದೇ. ಎಪ್ಪತ್ತು ದಾಟಿದ ಸವಾರ, 350 ಕಿಲೋಗೂ ಮೀರಿದ ಬೈಕು, ಶವವಾಹನದ ಬೆನ್ನಿಗೆ ಆರು ಅಡಿ. ಹೀಗೇ ಹೊರಟಿದ್ದರೆ ಶುಕ್ರವಾರ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಮೂರನೆಯದು ಬಾವುಟ. ಮೂರು ಅಡಿ ಅಗಲ, ಐದು ಅಡಿ ಉದ್ದದ ಬಾವುಟವನ್ನು ಪ್ಲಾಸ್ಟಿಕ್ ಪೈಪಿಗೆ ಕಟ್ಟಿ, ಪೈಪನ್ನು ಸಾಮಾನು ಇಡುವ ರ್ಯಾಕಿಗೆ ಎರಡು ಹೋಸ್ ಕ್ಲಿಪ್ಪುಗಳಿಂದ ಬಿಗಿದಿದ್ದರು. ಊರೊಳಗೆ ಚೆನ್ನಾಗಿಯೇ ಹಾರಾಡಿತು. ವೇಗ ಎರಡು ಪಟ್ಟಾದರೆ ಗಾಳಿಯ ಎಳೆತ ನಾಲ್ಕು ಪಟ್ಟಾಗುತ್ತದೆ. ಹೆದ್ದಾರಿ ಹತ್ತಿದ ಒಂಬತ್ತನೆಯ ನಿಮಿಷಕ್ಕೆ ಪೈಪು ಮೇಲಿನ ಕ್ಲಿಪ್ಪಿನ ಹತ್ತಿರ ಬಿಳಿಚಿ ಬಾಗಿತು, ಬಾವುಟದ ತುದಿ ಹಿಂದಿನ ಚಕ್ರದ ಕಡೆಗೆ ಇಳಿಯಿತು. ಹಿಂದಿದ್ದವರು ದೀಪ ಮಿನುಗಿಸಿ ನಿಲ್ಲಿಸಿದರು. ತುದಿಯ ಹೊಲಿಗೆ ಆಗಲೇ ಒಂದು ಅಂಗೈಯಷ್ಟು ಬಿಚ್ಚಿಕೊಂಡಿತ್ತು. ಗೌರವ ತೋರಿಸಲು ತಂದ ಬಾವುಟ ಚಿಂದಿಯಾಗಿ, ನೆಲಕ್ಕೆ ತಾಗಿ ಹೋಗುವುದಕ್ಕಿಂತ ದೊಡ್ಡ ಅಗೌರವ ಇಲ್ಲ.

ಬುಧವಾರ ರಾತ್ರಿಯ ತೀರ್ಮಾನ

ರೋಡ್ ಕ್ಯಾಪ್ಟನ್ ಸಭೆಯ ಮುಂದಿಟ್ಟ ಯೋಜನೆಯಲ್ಲಿ ಎಲ್ಲ ಗೌರವವನ್ನೂ ಕೊನೆಯ ಎರಡು ಮೈಲಿಗೆ ತಂದು ನಿಲ್ಲಿಸಲಾಗಿತ್ತು. ಸ್ಮಶಾನಕ್ಕೆ ಎರಡು ಮೈಲಿ ಮೊದಲು ದೊಡ್ಡದೊಂದು ಪಾರ್ಕಿಂಗ್ ಜಾಗ, ಮಾಲೀಕರ ಲಿಖಿತ ಒಪ್ಪಿಗೆ. ಬೈಕುಗಳು ಏಳೇಳರ ಗುಂಪಾಗಿ, ಮೂರು ನಿಮಿಷಕ್ಕೊಂದು ಗುಂಪಿನಂತೆ ಹೊರಟು ಅಲ್ಲಿ ಸೇರುವುದು. ಮೂರು ಚಕ್ರದ ಬೈಕುಗಳು ಇಡೀ ಲೇನನ್ನು ತುಂಬುವುದರಿಂದ ಅವು ಗುಂಪಿನ ಕೊನೆಯಲ್ಲಿ. ಶವವಾಹನ, ಮನೆಯವರ ಕಾರುಗಳು ಹಿಂದಿನಿಂದ ಬಂದು ಕೂಡಿಕೊಳ್ಳುವುದು. ಅಲ್ಲಿಂದ ಮುಂದೆ ಪೊಲೀಸ್ ಬೆಂಗಾವಲಿನಲ್ಲಿ ಬಾವುಟ, ವ್ಯೂಹ, ಎಲ್ಲವೂ.

ಹಿರಿಯರಿಗೆ ಇದು ಹಿಡಿಸಲಿಲ್ಲ. ಅವನನ್ನು 66 ಮೈಲಿ ಒಂಟಿಯಾಗಿ ಕಳಿಸುವುದೇ ಎಂದು ಕೇಳಿದರು. ಕೇಳಿದ್ದು ನ್ಯಾಯವೇ. ಮಡಿದವನನ್ನು ಒಂಟಿಯಾಗಿ ಬಿಡಬಾರದು ಎಂಬುದು ಸೇನೆಯಲ್ಲಿ ರಕ್ತಗತವಾದ ಮಾತು. ಎರಡು ಗಂಟೆಯ ವಾದದ ಕೊನೆಗೆ ಒಂದು ಗುಂಪು, ಏಳೇ ಬೈಕು, ಉದ್ದಕ್ಕೂ ಶವವಾಹನದ ಹಿಂದೆ ಬರುವುದೆಂದಾಯಿತು. ಏಳು ಬೈಕು ಒಂದು ಹಸಿರಿನಲ್ಲಿ ದಾಟುತ್ತವೆ. ಊರೊಳಗೆ 30 ಮೈಲಿ ವೇಗ ಇಟ್ಟರೆ ಎರಡನೆಯ ಗೇರಿನಲ್ಲಿ ಕ್ಲಚ್ ಮುಟ್ಟದೆ ಹೋಗಬಹುದೆಂದು ಚಾಲಕನಿಗೆ ತಿಳಿಸಿದ್ದಾಯಿತು. ಆತ ತಕ್ಷಣ ಒಪ್ಪಿದ. ಯಾರೂ ಇದುವರೆಗೆ ಕೇಳಿರಲಿಲ್ಲವಂತೆ.

ಇನ್ನೊಂದು ತೀರ್ಮಾನ ಇದಕ್ಕಿಂತ ಕಷ್ಟದ್ದು. ಮೃತರ ಜೊತೆ ನಲವತ್ತು ವರ್ಷ ಬೈಕು ಓಡಿಸಿದ ಗೆಳೆಯರೊಬ್ಬರು ಮುಂದಾಳಾಗಿ ಹೋಗುವುದು ತನ್ನ ಹಕ್ಕು ಎಂದಿದ್ದರು. ಮೂರು ರಾತ್ರಿಯಿಂದ ಅವರು ಮಲಗಿರಲಿಲ್ಲ. ದುಃಖದಲ್ಲಿರುವವನ ಕೈಗೆ ಬೈಕು ಕೊಡಬಾರದೆಂದು ಎಲ್ಲರಿಗೂ ಗೊತ್ತು, ಅವರ ಮುಖಕ್ಕೆ ಹೇಳುವವರು ಯಾರು? ರೋಡ್ ಕ್ಯಾಪ್ಟನ್ ಅವರ ಮನೆಗೆ ಹೋಗಿ, ಕೂತು, ಬೇಡ ಎನ್ನುವ ಬದಲು ಬೇರೆ ಕೆಲಸ ಒಪ್ಪಿಸಿದರು. ಮೃತರ ಬೈಕನ್ನು ಟ್ರೇಲರಿನಲ್ಲಿ ತರುವ ವ್ಯಾನಿನಲ್ಲಿ ಅವರು ಕೂತು ಬರಬೇಕು, ಬೈಕಿನ ಕಾವಲು ಅವರದು. ಕೊನೆಯ ಎರಡು ಮೈಲಿ ಮಾತ್ರ, 20 ಮೈಲಿ ವೇಗದಲ್ಲಿ, ಖಾಲಿ ಜಾಗದ ನೇರ ಹಿಂದೆ ತಮ್ಮ ಬೈಕಿನಲ್ಲಿ. ಅವರ ಬೈಕನ್ನು ಅಲ್ಲಿಯವರೆಗೆ ಇನ್ನೊಬ್ಬ ಸದಸ್ಯ ಓಡಿಸಿ ತಂದ.

ಮನೆಯವರ ಮಾತು

ಕ್ಲಬ್ಬಿನ ಲಾಂಛನದ ಪ್ಯಾಚು ಹೊಲಿದ, ತೋಳಿಲ್ಲದ ಚರ್ಮದ ವೇಸ್ಟನ್ನು ಶವಪೆಟ್ಟಿಗೆಯ ಬಾವುಟದ ಮೇಲೆ ಇಡಬೇಕೆಂಬುದು ಸದಸ್ಯರ ಬಯಕೆ. ಎರಡು ಅಡ್ಡಿ ಬಂದವು. ಬಾವುಟದ ಮೇಲೆ ಏನನ್ನೂ ಇಡಬಾರದು, ಗುರುತು, ಲಾಂಛನ ಯಾವುದೂ ಕೂಡದು ಎಂದು ಅಮೆರಿಕದ ರಾಷ್ಟ್ರಧ್ವಜದ ನಿಯಮಗಳಾದ ಬಾವುಟ ಸಂಹಿತೆಯೇ ಹೇಳುತ್ತದೆ. ಪೆಟ್ಟಿಗೆಗೆ ಹೊದಿಸುವಾಗ ನಕ್ಷತ್ರಗಳಿರುವ ನೀಲಿ ಭಾಗ ತಲೆಯ ಕಡೆ, ಎಡ ಭುಜದ ಮೇಲೆ ಬರಬೇಕು, ಅಷ್ಟೆ. ಎರಡನೆಯ ಅಡ್ಡಿ ಮಗಳದು. ವಾರಾಂತ್ಯಗಳನ್ನೆಲ್ಲ ಅಪ್ಪನಿಂದ ಕಿತ್ತುಕೊಂಡದ್ದು ಈ ಕ್ಲಬ್ಬು ಎಂಬ ನೋವು ಆಕೆಗಿತ್ತು. ಅಪ್ಪ ಸೈನಿಕರಾಗಿಯೇ ಮಣ್ಣಿಗೆ ಹೋಗಲಿ, ಎಂಜಿನ್ ಗರ್ಜನೆ ಬೇಡ ಎಂದು ಪತ್ನಿಯೂ ಮಗಳೂ ಸೇರಿ ಹೇಳಿದರು.

ಅಧ್ಯಕ್ಷರು ಮತಕ್ಕೆ ಹಾಕದೆಯೇ ಒಪ್ಪಿಕೊಂಡರು. ಇದನ್ನು ಕೆಲವರು ಆಮೇಲೆ ಟೀಕಿಸಿದರು, ಆದರೆ ಅದು ಮತಕ್ಕೆ ಹಾಕುವ ವಿಷಯವೇ ಅಲ್ಲ. ಮಣ್ಣಿಗಿಡುವ ರೀತಿ ಹೇಳಬೇಕಾದವರು ಮನೆಯವರು. ವೇಸ್ಟನ್ನು ಟ್ರೇಲರಿನ ಮೇಲಿನ ಬೈಕಿನ ಸೀಟಿಗೆ ಹೊದಿಸಿದರು. ಬೂಟುಗಳನ್ನು ಫುಟ್‌ಬೋರ್ಡಿನ ಮೇಲೆ ಹಿಮ್ಮುಖವಾಗಿ ಕಟ್ಟಿದರು. ಸೈನಿಕ ಅಂತ್ಯಕ್ರಿಯೆಯಲ್ಲಿ ಸವಾರನಿಲ್ಲದ ಕುದುರೆಯ ರಿಕಾಪಿನಲ್ಲಿ ಬೂಟು ಹಿಮ್ಮುಖವಾಗಿ ಇಡುವ ಪದ್ಧತಿಯ ನೆರಳು ಇದು. 1963ರಲ್ಲಿ ಅಧ್ಯಕ್ಷ ಕೆನೆಡಿಯವರ ಶವಯಾತ್ರೆಯಲ್ಲಿ ಬ್ಲ್ಯಾಕ್ ಜ್ಯಾಕ್ ಎಂಬ ಕುದುರೆ ಹಾಗೆ ನಡೆದಿತ್ತು.

ಬೈಕನ್ನು ಓಡಿಸಿ ತರುವ ಪ್ರಶ್ನೆಯಿರಲಿಲ್ಲ. ಏಳು ತಿಂಗಳು ನಿಂತ ಬ್ಯಾಟರಿ ಸತ್ತಿತ್ತು, ಪೆಟ್ರೋಲು ಹಳಸಿತ್ತು. ಟ್ರೇಲರಿನಲ್ಲಿ ನಾಲ್ಕು ರ್ಯಾಚೆಟ್ ಬೆಲ್ಟು, ಮುಂದೆ ಎರಡು, ಹಿಂದೆ ಎರಡು. ಮುಂದಿನವನ್ನು ಹ್ಯಾಂಡಲಿನ ಹಿಡಿಗೆ ಹಾಕದೆ ಫೋರ್ಕಿನ ಕೆಳಗಿನ ಬ್ರಾಕೆಟ್ಟಿಗೆ ಬಟ್ಟೆಯ ಕುಣಿಕೆ ಹಾಕಿ ಕಟ್ಟಬೇಕು. ಫೋರ್ಕು ಅರ್ಧದಷ್ಟು ಕುಗ್ಗುವವರೆಗೆ ಬಿಗಿದರೆ ಸಾಕು. ಪೂರ್ತಿ ಕುಗ್ಗಿಸಿದರೆ ಆಯಿಲ್ ಸೀಲು ಹೋಗುತ್ತದೆ, ಸಡಿಲ ಬಿಟ್ಟರೆ ರಸ್ತೆಯ ಗುಂಡಿಯಲ್ಲಿ ಕೊಕ್ಕೆ ಕಳಚುತ್ತದೆ. ಹತ್ತು ಮೈಲಿ ಆದ ಮೇಲೆ ನಿಲ್ಲಿಸಿ ಮತ್ತೊಮ್ಮೆ ಬಿಗಿಯಬೇಕು.

ಶುಕ್ರವಾರ

10 ಗಂಟೆಗೆ ಮೊದಲ ಗುಂಪು ಹೊರಟಿತು, 10:12ಕ್ಕೆ ಐದನೆಯದು, 10:30ಕ್ಕೆ ಶವವಾಹನ ಮತ್ತು ಅದರ ಹಿಂದೆ ಏಳು ಬೈಕು. ನಾಲ್ಕನೆಯ ಗುಂಪು ದಾರಿ ತಪ್ಪಿತು. ಅದರ ಮುಂದಾಳು ಕಾಗದದ ದಾರಿಪಟ್ಟಿ ಬಿಟ್ಟು ಫೋನಿನ ನಕ್ಷೆಯನ್ನು ನಂಬಿದ್ದರು, ಅದು ನಡುವೆ ದಾರಿ ಬದಲಿಸಿತ್ತು. 12:04ಕ್ಕೆ ಬಂದು ಸೇರಿದರು. 12:25ರವರೆಗೆ ಹೆಚ್ಚುವರಿ ಹೊತ್ತು ಇಟ್ಟುಕೊಂಡಿದ್ದರಿಂದ ಏನೂ ಕೆಡಲಿಲ್ಲ.

ಕೂಡುವ ಜಾಗದಲ್ಲಿ ಬಾವುಟಗಳನ್ನು ಕಟ್ಟಿದರು. ಈ ಬಾರಿ ಉಕ್ಕಿನ ಕೊಳವೆ, ಚಾಸಿಗೆ ಬೋಲ್ಟು. ಮೋಟಾರು ಕಾರಿನಲ್ಲಿ ಬಾವುಟದ ಕೋಲು ಚಾಸಿಗೆ ಭದ್ರವಾಗಿರಬೇಕು, ಇಲ್ಲವೇ ಬಲಗಡೆಯ ಫೆಂಡರಿಗೆ ಬಿಗಿದಿರಬೇಕು ಎಂದು ಸಂಹಿತೆ ಹೇಳುತ್ತದೆ. ಬೈಕಿನವರು ಅದನ್ನೇ ಅನುಸರಿಸಿ ರಾಷ್ಟ್ರಧ್ವಜವನ್ನು ಬಲಕ್ಕೂ ಯುದ್ಧಕೈದಿಗಳ ಕಪ್ಪು ಬಾವುಟವನ್ನು ಎಡಕ್ಕೂ ಕಟ್ಟುತ್ತಾರೆ. ಕಪ್ಪು ಬಾವುಟ ಇನ್ನೊಂದಕ್ಕಿಂತ ದೊಡ್ಡದಿರಬಾರದು.

ಅಲ್ಲಿಯೇ ಕ್ಲಬ್ಬಿನ ಶಿಸ್ತು ನೋಡಿಕೊಳ್ಳುವ ಸಾರ್ಜೆಂಟ್-ಎಟ್-ಆರ್ಮ್ಸ್ ತಮ್ಮ ಸದಸ್ಯರ ಹತ್ತಿರ ಹೋಗಿ ಒಬ್ಬೊಬ್ಬರಿಗೇ ಹೇಳಿದರು: ಏಳು ರೈಫಲ್ಲಿನಿಂದ ಮೂರು ಸುತ್ತು ಗುಂಡು ಹಾರುತ್ತದೆ, ಪ್ರಾರ್ಥನೆ ಮುಗಿದ ಕೂಡಲೇ. ಇದನ್ನು 21 ತೋಪಿನ ಗೌರವ ಎಂದು ತಪ್ಪಾಗಿ ಕರೆಯುವುದುಂಟು, ಅದು ಫಿರಂಗಿಯದು, ಬೇರೆ. ಗುಂಡಿನ ಸದ್ದು ಬೇಡವಾದವರು ಬೈಕುಗಳ ಹತ್ತಿರವೇ ನಿಲ್ಲಬಹುದು. ಮೂವರು ನಿಂತರು, ಯಾರೂ ಕಾರಣ ಕೇಳಲಿಲ್ಲ. ಬ್ಯೂಗಲ್ ಊದುವವರ ಕೊರತೆಯಿಂದ ಕಹಳೆಯೊಳಗೆ ಎಲೆಕ್ಟ್ರಾನಿಕ್ ಸಾಧನ ಇಟ್ಟು ಟ್ಯಾಪ್ಸ್ ನುಡಿಸುವುದು ಈಗ ಸಾಮಾನ್ಯ ಎಂದೂ ತಿಳಿಸಿದರು. ಮೊದಲೇ ಗೊತ್ತಿದ್ದರೆ ಮನಸ್ಸು ಮುರಿಯುವುದಿಲ್ಲ.

ಕೊನೆಯ ಎರಡು ಮೈಲಿ ಎಣಿಸಿದಂತೆಯೇ ನಡೆಯಿತು. ಎಡಕ್ಕೆ ರೋಡ್ ಕ್ಯಾಪ್ಟನ್, ಬಲಕ್ಕೆ ಖಾಲಿ ಜಾಗ, ಅದರ ಹಿಂದೆ ಆ ಗೆಳೆಯರು. ಆರೇ ನಿಮಿಷ. ಯಾರೂ ಮುಂದೆ ಸರಿಯಲಿಲ್ಲ.

ಕೆಟ್ಟದ್ದು ಎರಡು ಕಡೆ, ಒಂದೇ ಕಾರಣಕ್ಕೆ. ಜುಲೈ ಬಿಸಿಲಿಗೆ ಡಾಂಬರು ಮೆತ್ತಗಾಗಿ ಸೈಡ್ ಸ್ಟ್ಯಾಂಡಿನ ಪಾದ ಇಳಿಯುತ್ತದೆಂದು ನಾಲ್ಕು ಅಂಗುಲ ಚೌಕದ ಪ್ಲೈವುಡ್ ತುಂಡುಗಳನ್ನು ಕೊಯ್ದು ತಂದಿದ್ದರು. ತಂದದ್ದು 31. ಅತಿಥಿಗಳ ಹತ್ತು ಬೈಕು ಲೆಕ್ಕಕ್ಕೆ ಬಂದಿರಲಿಲ್ಲ. ಎಂಜಿನ್ನುಗಳು ಆರಿ, ಕಾದ ಸೈಲೆನ್ಸರುಗಳು ಟಿಕ್ ಟಿಕ್ ಎಂದು ತಣಿಯುತ್ತಿದ್ದ ಮೌನದಲ್ಲಿ, ಪ್ರಾರ್ಥನೆ ನಡೆಯುತ್ತಿದ್ದಾಗಲೇ, ಅತಿಥಿಯೊಬ್ಬರ ಬೈಕು ನಿಧಾನವಾಗಿ ವಾಲಿ ಪಕ್ಕದ ಬೈಕಿನ ಮೇಲೆ ಬಿತ್ತು. ಕನ್ನಡಿ ಒಡೆದ ಸದ್ದು ಚಾವಣಿಯವರೆಗೂ ಕೇಳಿತು. ನಡುವೆ ಎರಡೇ ಅಡಿ ಬಿಟ್ಟು ಒತ್ತೊತ್ತಾಗಿ ನಿಲ್ಲಿಸಿದ್ದೂ ತಪ್ಪು. ಹ್ಯಾಂಡಲಿನ ಅಗಲದಷ್ಟಾದರೂ ನಡುವೆ ಬಿಡಬೇಕಿತ್ತು.

ಬಾವುಟವನ್ನು ಹದಿಮೂರು ಮಡಿಕೆಯಲ್ಲಿ ತ್ರಿಕೋನವಾಗಿಸಿ ಪತ್ನಿಯ ಕೈಗಿತ್ತರು. ಸಮವಸ್ತ್ರವಿಲ್ಲದ ಮಾಜಿ ಸೈನಿಕರೂ ಬಾವುಟಕ್ಕೆ ಸೆಲ್ಯೂಟ್ ಮಾಡಲು 2008ರಿಂದ ಕಾನೂನಿನ ಒಪ್ಪಿಗೆಯಿದೆ. ಒಂದೇ ಆಜ್ಞೆಗೆ ಎಲ್ಲರ ಕೈಗಳೂ ಎದ್ದವು. ಮನೆಯವರು ಕಾರಿನ ಕಡೆ ನಡೆಯುವಾಗ ಇಬ್ಬರು ಅತಿಥಿಗಳು ಎಂಜಿನ್ ಚಾಲೂ ಮಾಡಿ ಥ್ರಾಟಲ್ ತಿರುಗಿಸಿ ಗರ್ಜಿಸಿದರು. ಅವರ ಕ್ಲಬ್ಬಿನಲ್ಲಿ ಅದೇ ವಿದಾಯದ ಪದ್ಧತಿ, ಮನಸ್ಸಿನಲ್ಲಿ ಕೆಟ್ಟದ್ದಿರಲಿಲ್ಲ. ಮಗಳು ಕಿವಿ ಮುಚ್ಚಿಕೊಂಡು ಕಾರಿನೊಳಗೆ ಕೂತಳು. ಗುರುವಾರದ ಸೂಚನಾ ಸಭೆಗೆ ಅತಿಥಿಗಳನ್ನು ಕರೆದಿರಲಿಲ್ಲ, ಕೂಡುವ ಜಾಗದಲ್ಲೂ ಅವರಿಗೆ ಯಾರೂ ಹೇಳಲಿಲ್ಲ. ಬಂದ ಬೈಕುಗಳನ್ನು ಎಣಿಸಿದರು, ಬಂದವರಿಗೆ ವಿಷಯ ಮುಟ್ಟಿಸಲಿಲ್ಲ.

ಆಮೇಲೆ

ಎರಡು ದಿನದ ಮೇಲೆ ಅಧ್ಯಕ್ಷರೊಬ್ಬರೇ, ಪ್ಯಾಚಿಲ್ಲದ ಅಂಗಿಯಲ್ಲಿ, ಮಗಳ ಮನೆಗೆ ಹೋಗಿ ಕ್ಷಮೆ ಕೇಳಿದರು. ತಪ್ಪು ಅತಿಥಿಗಳದೆಂದು ಹೇಳಲಿಲ್ಲ. ಹೇಳದಿದ್ದುದು ಸರಿ, ಕರೆದವರು ಇವರೇ. ಬೂಟುಗಳನ್ನು ಅಂದೇ ಒಪ್ಪಿಸಿದರು. ಒಂದು ಬೂಟಿನ ಕೇಬಲ್ ಟೈ ದಾರಿಯಲ್ಲಿ ಸಡಿಲಾಗಿದ್ದನ್ನು ವ್ಯಾನಿನಲ್ಲಿದ್ದ ಗೆಳೆಯರು ಹತ್ತನೆಯ ಮೈಲಿಯಲ್ಲೇ ಕಂಡು ತಂತಿಯಿಂದ ಕಟ್ಟಿದ್ದರು.

ಆ ಗೆಳೆಯರ ವಿಷಯದಲ್ಲಿ ಕ್ಲಬ್ಬು ಮಾಡಿದ ಕೆಲಸ ಎಲ್ಲರೂ ಅನುಸರಿಸಬೇಕಾದದ್ದು. ಅಂತ್ಯಕ್ರಿಯೆಯ ದಿನ ಸುತ್ತ ಜನ ಇರುತ್ತಾರೆ, ಕಷ್ಟ ಶುರುವಾಗುವುದು ಮೂರನೆಯ ವಾರದಲ್ಲಿ. ಆರು ವಾರ ಪಾಳಿ ಹಾಕಿಕೊಂಡು ದಿನಕ್ಕೊಬ್ಬರು ಅವರಿಗೆ ಫೋನು ಮಾಡಿದರು, ವಾರಕ್ಕೆರಡು ಸಲ ಯಾರಾದರೂ ಮನೆಗೆ ಹೋದರು. 988ಕ್ಕೆ ಕರೆ ಮಾಡಿ 1 ಒತ್ತಿದರೆ ಮಾಜಿ ಸೈನಿಕರ ಸಂಕಟವಾಣಿ ಸಿಗುತ್ತದೆ. ಆ ಸಂಖ್ಯೆಯನ್ನು ಪ್ರತಿಯೊಬ್ಬರ ವೇಸ್ಟಿನ ಒಳಜೇಬಿನಲ್ಲಿ ಬರೆದಿಡಿಸಿದರು. ಸವಾರಿ ಮುಗಿದು ಬೈಕು ಮನೆಯಲ್ಲಿ ನಿಲ್ಲುವವರೆಗೆ ಕುಡಿತವಿಲ್ಲ ಎಂಬ ಹಳೆಯ ನಿಯಮವನ್ನು ಅತಿಥಿಗಳಿಗೂ ಅನ್ವಯಿಸಿದರು. ಅತಿಥಿ ಬೈಕು ಬರುವ ಸವಾರಿಗೆ ಈಗ ಒಂದು ಹಾಳೆಯ ಸೂಚನೆ ಇದೆ. ಅದನ್ನು ಕೂಡುವ ಜಾಗದಲ್ಲಿ ಗಟ್ಟಿಯಾಗಿ ಓದುತ್ತಾರೆ. ಮನೆಯವರು ಬೇಡವೆಂದದ್ದು ಏನು ಎಂಬುದೇ ಅದರ ಮೊದಲ ಸಾಲು.

ಇನ್ನೊಂದು ಬದಲಾವಣೆ ಲಕೋಟೆ. ಪ್ರತಿ ಸದಸ್ಯ ತನ್ನ ಡಿಡಿ-214ರ ಪ್ರತಿ, ಮನೆಯವರ ಫೋನ್ ಸಂಖ್ಯೆ, ತನಗೆ ಯಾವ ಗೌರವ ಬೇಕು, ಯಾವುದು ಬೇಡ ಎಂಬುದನ್ನು ಬರೆದು, ಮನೆಯವರ ಸಹಿ ಹಾಕಿಸಿ, ಮುಚ್ಚಿದ ಲಕೋಟೆಯಲ್ಲಿ ಕಾರ್ಯದರ್ಶಿಗೆ ಕೊಡಬೇಕು. ರಾಷ್ಟ್ರೀಯ ಸ್ಮಶಾನದ ಅರ್ಹತೆಯನ್ನು ಬದುಕಿರುವಾಗಲೇ ನಿರ್ಧರಿಸಿಕೊಳ್ಳುವ ಅವಕಾಶ 2016ರಿಂದ ಇದೆ, ಆ ಪತ್ರ ಬಂದಿದ್ದರೆ ಅದೂ ಒಳಗಿರಬೇಕು. ಬರೆಯಲು ಕೂತವರಿಗೆ ಕೈ ಏಳುವುದಿಲ್ಲ, ಹೆಂಡತಿಯ ಮುಂದೆ ಆ ಮಾತು ತೆಗೆಯುವುದು ಇನ್ನೂ ಕಷ್ಟ. ಮೊದಲ ವರ್ಷದ ಕೊನೆಗೆ ಉಳಿದ 33 ಸದಸ್ಯರಲ್ಲಿ 21 ಮಂದಿ ಕೊಟ್ಟಿದ್ದರು. ಬಾಕಿ ಹನ್ನೆರಡು ಹೆಸರುಗಳನ್ನು ಕಾರ್ಯದರ್ಶಿ ಪ್ರತಿ ತಿಂಗಳ ಸಭೆಯಲ್ಲೂ ಓದುತ್ತಾರೆ.